ನ್ಯೂಜೆರ್ಸಿಯಲ್ಲಿ ಗ್ರಾಮೀಣ ಕೋಟಾ

ಹಿಂದುಳಿಯುವುದಕ್ಕೂ ಯೋಗ್ಯತೆ ಬೇಕು ಎಂಬುದು ಪಂಚಾಕ್ಷರಿಯ ಸಿದ್ಧಾಂತ. ಮುಂದೆ ಹೋಗುವುದು ಯಾವ ಮಹಾ ವಿದ್ಯೆ, ನಾಲ್ಕು ಜನ ಹೋದ ದಾರಿಯಲ್ಲಿ ತಲೆ ತಗ್ಗಿಸಿಕೊಂಡು ಹೋದರಾಯಿತು. ಹಿಂದುಳಿಯಬೇಕಾದರೆ ಮಾತ್ರ ಸರಿಯಾದ ಊರು, ಸರಿಯಾದ ಶಾಲೆ, ಸರಿಯಾದ ಹಾಜರಿ ಎಲ್ಲವೂ ಕೂಡಿಬರಬೇಕು. ಆ ಜಾಣ್ಮೆ ಅವನಿಗೆ ಅಪ್ಪನಿಂದ ಬಂದ ಆಸ್ತಿ.

ಅವನು ಬೆಳೆದದ್ದು ಬೆಂಗಳೂರಿನ ವಿಜಯನಗರದಲ್ಲಿ. ಓದಿದ್ದು ಟೈ ಕಟ್ಟಿಕೊಂಡು ಹೋಗುವ ಕಾನ್ವೆಂಟಿನಲ್ಲಿ. ಆದರೆ ತಿಪಟೂರಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವನ ಸೋದರಮಾವ ಹೆಡ್‌ಮಾಸ್ಟರಾಗಿದ್ದರು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಪಂಚಾಕ್ಷರಿ ಅಲ್ಲಿಯ ಹಾಜರಿ ಪುಸ್ತಕದಲ್ಲೂ ಇದ್ದ. ಮಳೆ, ಜ್ವರ, ಬಸ್ ಮುಷ್ಕರ ಯಾವುದಕ್ಕೂ ಒಂದು ದಿನ ತಪ್ಪಿಸಿಕೊಂಡವನಲ್ಲ. ಪರೀಕ್ಷೆಯ ದಿನ ಮಾತ್ರ ಅಪ್ಪ ಅವನನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಹೀಗೆ ಹಳ್ಳಿಯಲ್ಲಿ ಕಷ್ಟಪಟ್ಟು ಓದಿದ ಹುಡುಗನೆಂದು ಗ್ರಾಮೀಣ ಕೋಟಾದಲ್ಲಿ ಅವನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಸೀಟಿನಿಂದ ಕೆಲಸ, ಕೆಲಸದಿಂದ ವೀಸಾ, ವೀಸಾದಿಂದ ನ್ಯೂಜೆರ್ಸಿಯ ಕೆಂಡಲ್ ಪಾರ್ಕ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ. ಆ ಹಳ್ಳಿಯಲ್ಲಿ ನಿಜವಾಗಿ ಓದಿದ ಹುಡುಗರು ಏನಾದರು ಎಂಬ ಪ್ರಶ್ನೆ ಅವನಿಗೆ ಎಂದೂ ಬಂದಿರಲಿಲ್ಲ. ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಆ ವರ್ಷ ಫ್ಯಾಷನ್ ಶೋಗೂ ಬಿಸಿಬೇಳೆ ಬಾತಿಗೂ ನಡುವೆ ಒಂದು ಭಾಷಣ ಇಟ್ಟಿದ್ದರು. ಮಾತಾಡಿದವಳು ಜಕಿಯಾ. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ. ಐರ್ಲೆಂಡಿನ ಲಿಮರಿಕ್ ಊರಿನಲ್ಲಿ ಬಡ ಬಡಾವಣೆಗಳ ಶಾಲೆಗಳ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಕೂತು, ಟೀಚರು ಹೇಗೆ ಕಲಿಸುತ್ತಾರೆ, ಮಕ್ಕಳು ಎಷ್ಟು ಕಲಿಯುತ್ತಾರೆ, ಮನೆಯ ಬಡತನ ಎಲ್ಲಿ ಅಡ್ಡ ಬರುತ್ತದೆ ಎಂದು ನೋಡಿ ಡಾಕ್ಟರೇಟ್ ಮಾಡಿದವಳು. ಈಗ ನ್ಯೂಜೆರ್ಸಿಯ ಒಂದು ಯೂನಿವರ್ಸಿಟಿಯಲ್ಲಿ ಅದನ್ನೇ ಮುಂದುವರಿಸಿದ್ದಳು. ಪಾಪ, ಚೆನ್ನಾಗಿಯೇ ಮಾತಾಡಿದಳು. ಹಸಿದ ಜನರ ಮುಂದೆ ಐರಿಷ್ ಶಾಲೆಗಳ ಗ್ರಾಫ್ ತೋರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಅವಳು ಹೇಳಿದ್ದು ಹಲವು ಮಾತು. ಸರಾಸರಿ ಅಂಕ ನೋಡಿದರೆ ಹಿಂದಿನ ಬೆಂಚಿನ ಮಗು ಕಾಣುವುದಿಲ್ಲ ಎಂದಳು. ಓದಲು ಬಾರದ ಮಗುವಿನ ಪಕ್ಕ ಒಬ್ಬ ಟೀಚರು ತಾಳ್ಮೆಯಿಂದ ಕೂತರೆ ಉಳಿದದ್ದು ಆಮೇಲೆ ಎಂದಳು. ಜೊತೆಗೆ, ಐರ್ಲೆಂಡಿನಲ್ಲಿ ಹಿಂದುಳಿದ ಶಾಲೆಗಳನ್ನು ಸರ್ಕಾರವೇ ಗುರುತಿಸುತ್ತದೆ, ಅಲ್ಲಿಗೆ ಹೆಚ್ಚು ಟೀಚರುಗಳನ್ನು ಕೊಡುತ್ತದೆ, ಅಂಥ ಶಾಲೆಯಲ್ಲಿ ಓದಿದ ಬಡ ಮಕ್ಕಳಿಗೆ ಮುಂದೆ ಕಾಲೇಜು ಸೇರುವಾಗ ಸ್ವಲ್ಪ ರಿಯಾಯಿತಿಯೂ ಇದೆ ಎಂದಳು.

ಅಷ್ಟು ಹೊತ್ತು ಫೋನು ನೋಡುತ್ತಿದ್ದ ಪಂಚಾಕ್ಷರಿ ತಲೆ ಎತ್ತಿದ. "ಗಾರ್ಗಿ, ಕೇಳಿಸ್ಕೊಂಡ್ಯಾ? ಇದು ನಮ್ಮ ರೂರಲ್ ಕೋಟಾನೇ ಕಣೆ."

"ಅದು ಐರ್ಲೆಂಡ್ ರೀ," ಎಂದಳು ಅವನ ಹೆಂಡತಿ.

"ಇಲ್ಲೂ ಹಾಗೇ. ಸ್ಕೂಲ್ ಯಾವುದು ಅಂತ ಕಾಲೇಜಿನವರು ನೋಡ್ತಾರೆ. ಕೆಂಡಲ್ ಪಾರ್ಕ್‌ನಲ್ಲಿ ನಮ್ಮ ಸಿಯಾ ನೂರು ಜನರಲ್ಲಿ ಒಬ್ಬಳು ಅಷ್ಟೇ. ಬಡವರ ಸ್ಕೂಲಲ್ಲಿ ಅವಳೇ ನಂಬರ್ ಒನ್."

ಭಾಷಣ ಮುಗಿದ ಮೇಲೆ ಅವನು ಜಕಿಯಾಳನ್ನು ಊಟದ ಸಾಲಿನಲ್ಲಿ ಹಿಡಿದು, ಈ ಸುತ್ತಮುತ್ತ ಸರಿಯಾಗಿ ಹಿಂದುಳಿದ ಶಾಲೆ ಯಾವುದು ಎಂದು ಕೇಳಿದ. ಯಾರೋ ದಾನ ಕೊಡಲು ಕೇಳುತ್ತಿದ್ದಾರೆ ಎಂದುಕೊಂಡ ಅವಳು, ನದಿಯಾಚೆಯ ಹಾರ್ಲನ್ ಬ್ರಿಡ್ಜ್ ಎಂಬ ಪುಟ್ಟ ಊರಿನ ಶಾಲೆಯ ಹೆಸರು ಹೇಳಿಬಿಟ್ಟಳು. ಓದು ಬಾರದ ಮಕ್ಕಳಿಗೆಂದು ಅವಳ ಸಂಶೋಧನೆಯ ಓದಿನ ಕೋಣೆ ನಡೆಯುತ್ತಿದ್ದದ್ದು ಅಲ್ಲೇ.

ಇನ್ನು ಮಗಳು ಸಿಯಾಳ ವಿಷಯ ಹೇಳಬೇಕು, ಏಕೆಂದರೆ ಅವಳ ವಿಷಯವನ್ನು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಆಗ ಅವಳು ಎರಡನೇ ಕ್ಲಾಸು. ಚುರುಕು ಹುಡುಗಿ, ಲೆಕ್ಕ ನೀರು ಕುಡಿದಂತೆ. ಆದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಗಾರ್ಗಿ ರಾತ್ರಿ ಓದಿ ಹೇಳಿದ ಪುಸ್ತಕಗಳನ್ನು ಪೂರ್ತಿ ಬಾಯಿಪಾಠ ಮಾಡಿ, ಸರಿಯಾದ ಜಾಗದಲ್ಲಿ ಹಾಳೆ ತಿರುಗಿಸುತ್ತಿದ್ದಳು. ಪಂಚಾಕ್ಷರಿ ಅದನ್ನು ವಿಡಿಯೋ ಮಾಡಿ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಹೊಸ ಪುಸ್ತಕ ಕೊಟ್ಟರೆ ಹುಡುಗಿಗೆ ಹೊಟ್ಟೆನೋವು. ಟೀಚರು ಎರಡು ಸಲ ಕರೆಸಿ ಹೇಳಿದರೂ ಅವನದು ಒಂದೇ ಉತ್ತರ: "ನಮ್ಮ ಫ್ಯಾಮಿಲಿಯಲ್ಲಿ ಅಂಥದ್ದೆಲ್ಲ ಇಲ್ಲ. ಶೀ ಈಸ್ ಶೈ." ಗಾರ್ಗಿಗೆ ಸತ್ಯ ಗೊತ್ತಿತ್ತು. ಅವಳು ಎದೆಯಲ್ಲಿ ಕಲ್ಲಿಟ್ಟುಕೊಂಡು, ಹೊಟ್ಟೆನೋವಿನ ಮಗಳಿಗೆ ಓಮದ ನೀರು ಕುಡಿಸುತ್ತಿದ್ದಳು.

ಬೇಸಿಗೆಯಲ್ಲಿ ಕೆಂಡಲ್ ಪಾರ್ಕ್ ಮನೆಯನ್ನು ಬಾಡಿಗೆಗೆ ಕೊಟ್ಟು ಹಾರ್ಲನ್ ಬ್ರಿಡ್ಜ್‌ನ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದರು. ಮೂರನೇ ಕ್ಲಾಸು ತಡವಾಯಿತು, ಒಂದನೇ ಕ್ಲಾಸಿಗೇ ಬರಬೇಕಿತ್ತು ಎಂದು ಪಂಚಾಕ್ಷರಿ ಕೊರಗಿದ. ಕರೆಂಟಿನಲ್ಲಿ ಓಡುವ ಕಾರನ್ನು ಮನೆ ಮುಂದೆ ನಿಲ್ಲಿಸುತ್ತಿರಲಿಲ್ಲ. ಎರಡು ಬೀದಿ ಆಚೆ ಬಿಟ್ಟು ನಡೆದು ಬರುತ್ತಿದ್ದ. ಬಡತನ ಮಾಡುವಾಗ ಅರೆಮನಸ್ಸಿನಿಂದ ಮಾಡಬಾರದು.

"ವಾಷಿಂಗ್ ಮಷೀನ್ ಸದ್ದಿಗೆ ತಲೆ ಸಿಡೀತಿದೆ," ಎಂದಳು ಗಾರ್ಗಿ ಮೊದಲ ವಾರ.

"ತಪಸ್ಸು ಅಂದ್ಕೋ."

"ತಪಸ್ಸು ನಿಮ್ಮದಾ, ನನ್ನದಾ? ಆಫೀಸ್‌ನಲ್ಲಿ ಎ.ಸಿ.ಯಲ್ಲಿ ಕೂತು ಬರೋರು ನೀವು."

ಶಾಲೆ ಸೇರಿಸುವಾಗ ಸಿಯಾಳನ್ನು ಓದಿಸಿ ನೋಡಿದರು. ಪುಸ್ತಕ ಹೊಸದು, ಬಾಯಿಪಾಠ ನಡೆಯಲಿಲ್ಲ. ಐದೇ ನಿಮಿಷದಲ್ಲಿ ಗುಟ್ಟು ರಟ್ಟಾಯಿತು. ಅವಳನ್ನು ಓದಿನ ಕೋಣೆಗೆ ಹಾಕುತ್ತೇವೆ ಎಂದಾಗ ಪಂಚಾಕ್ಷರಿಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ: ಇರಲಿ, ಹಿಂದುಳಿದ ಶಾಲೆಯಲ್ಲೂ ಹಿಂದುಳಿದ ಗುಂಪು, ಕೋಟಾದೊಳಗೊಂದು ಒಳಕೋಟಾ.

ಆ ಕೋಣೆಯ ಟೀಚರು ಮಿಸ್ ಕೀನ್. ಜಕಿಯಾ ಲಿಮರಿಕ್‌ನಿಂದಲೇ ಕರೆತಂದ ಐರಿಷ್ ಹೆಂಗಸು. ನರೆತ ಕೂದಲು, ಗಿಡ್ಡ ದೇಹ, ಗಟ್ಟಿ ಬೂಟು. ಗೋಡಂಬಿ ಆಕಾರದ ಒಂದು ಮೇಜು, ಒಳಬದಿಯಲ್ಲಿ ಅವಳು, ಹೊರಬದಿಯಲ್ಲಿ ಆರು ಮಕ್ಕಳು. ಸಿಯಾಳ ಪಕ್ಕ ಮಾರಿಸೋಲ್ ಎಂಬ ಹುಡುಗಿ. ಅವಳ ತಾಯಿ ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮಗು ಒಂದು ಪದದ ಮುಂದೆ ನಿಂತರೆ ಮಿಸ್ ಕೀನ್ ಹೇಳಿಕೊಡುತ್ತಿರಲಿಲ್ಲ, ಮುಖ ಸಿಂಡರಿಸುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಕಾಯುತ್ತಿದ್ದಳು. ಸಿಯಾಳಿಗಾಗಿ ಯಾರೂ ಅದುವರೆಗೆ ಕಾದಿರಲಿಲ್ಲ. ಅಪ್ಪ ಕಾಯಲಿಲ್ಲ, ಟ್ಯೂಷನ್ನಿನವರು ಕಾಯಲಿಲ್ಲ, ಪ್ರೀತಿಯ ಅವಸರದಲ್ಲಿ ಅಮ್ಮನೂ ಕಾದಿರಲಿಲ್ಲ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ, ಪಂಚಾಕ್ಷರಿ ಶೂ ಹುಡುಕುತ್ತಿದ್ದಾಗ, ಅಡುಗೆಮನೆಯಿಂದ ಒಂದು ದನಿ ತಡೆತಡೆದು ಬಂತು. ಸಿಯಾ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಯ ಹಿಂಬದಿಯನ್ನು ಓದುತ್ತಿದ್ದಳು. ಚಿತ್ರವಿಲ್ಲದ ಬದಿ, ಗೋಧಿ ಎಷ್ಟು, ಸಕ್ಕರೆ ಎಷ್ಟು, ಒಣಗಿದ ಜಾಗದಲ್ಲಿಡಿ ಎಂಬ ಮಾತು. "ರೈಬೋಫ್ಲೇವಿನ್" ಎಂಬಲ್ಲಿ ನಿಂತಳು. ಗಾರ್ಗಿ ಹೇಳಿಕೊಡಲು ಬಾಯಿ ತೆರೆದವಳು ಮುಚ್ಚಿಕೊಂಡು, ಒಲೆ ಆರಿಸಿ, ಕಾದಳು. ಹುಡುಗಿ ಅದನ್ನು ತುಂಡು ಮಾಡಿ, ಜೋಡಿಸಿ, ಓದಿದಳು. ಗಾರ್ಗಿ ಸಿಂಕಿನ ಕಡೆ ತಿರುಗಿ ಅತ್ತಳು. ಪಂಚಾಕ್ಷರಿ ಬಾಗಿಲಲ್ಲಿ ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ನಿಂತಿದ್ದ. ಮಗಳಿಗೆ ಇಷ್ಟು ದಿನ ಓದಲು ಬರುತ್ತಿರಲಿಲ್ಲ ಎಂಬುದು ಅವನಿಗೆ ಅವಳು ಓದಿದಾಗ ಗೊತ್ತಾಯಿತು. ಆ ದಿನ ಅವನು ನಿಜವಾಗಿ ಸಂತೋಷಪಟ್ಟ. ಕೋಟಾ ಗೀಟಾ ಯಾವುದೂ ನೆನಪಿಲ್ಲದ ಸಂತೋಷ ಅದು.

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನಿರಬೇಕಿತ್ತು. ಆದರೆ ತನ್ನ ಜಾಣತನವನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಅನ್ನ ಹೇಗೆ ಜೀರ್ಣವಾಗಬೇಕು? ಸಂಘದ ಅಧ್ಯಕ್ಷ ಬೋರಲಿಂಗಯ್ಯನವರಿಗೆ ಫೋನು ಮಾಡಿದ. ಮದ್ದೂರಿನ ಕಡೆಯ ಅವರು ಸಮರ್‌ಸೆಟ್‌ನಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಡೈರೆಕ್ಟರು. ಮಗಳಿಗೆ ಓದು ಬಂದ ಸಂಗತಿ ಹೇಳಲಿಲ್ಲ. ಹೇಳಿದರೆ ಮೊದಲು ಬರುತ್ತಿರಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಆರು ಮಕ್ಕಳಿಗೆ ಒಬ್ಬ ಟೀಚರು, ಅದೂ ಯುರೋಪಿನಿಂದ ಬಂದವಳು, ಮುಂದೆ ಕಾಲೇಜಿಗೂ ಅನುಕೂಲ, ಎಂದಷ್ಟೇ ಹೇಳಿದ.

"ಪ್ರೈವೇಟ್ ಸ್ಕೂಲಲ್ಲೂ ಇಂಗಿಲ್ವಲ್ಲಯ್ಯಾ," ಎಂದರು ಬೋರಲಿಂಗಯ್ಯ. "ಯಾರಿಗೂ ಹೇಳ್ಬೇಡ."

ಆ ವಾರವೇ ಇಡೀ ಸಂಘಕ್ಕೆ ಗೊತ್ತಾಯಿತು.

ಕ್ರಿಸ್‌ಮಸ್ ರಜೆ ಮುಗಿಯುವ ಹೊತ್ತಿಗೆ ಹಾರ್ಲನ್ ಬ್ರಿಡ್ಜ್‌ನಲ್ಲಿ ಕರಿಬೇವು ಸಿಗತೊಡಗಿತು. ಬೋರಲಿಂಗಯ್ಯ ಮಗ ಕುಶಾಲ್‌ನನ್ನು ಕರೆತಂದರು. ಬೆಂಗಳೂರಿನ ಶಿವಾಜಿನಗರದ ಅಯೂಬ್, ಲಿಮೋಸಿನ್ ಸರ್ವಿಸ್ ಇಟ್ಟವರು, ಮಗಳು ಜೈನಬ್‌ಳನ್ನು ಕರೆತಂದರು. ಅವರ ಹಿಂದೆ ಒಬ್ಬೊಬ್ಬರೇ, ಆಮೇಲೆ ಗುಂಪುಗುಂಪಾಗಿ. ಕೆಲವರು ನಿಜವಾಗಿ ಮನೆ ಮಾಡಿದರು. ಕೆಲವರು ಮಾಡಿದ್ದು ಬಾಗಿಲಿಗೆ ಹೆಸರು ಅಂಟಿಸುವಷ್ಟು ಮಾತ್ರ. ಒಂದು ಬೆಡ್‌ರೂಮಿನ ಮನೆಯಲ್ಲಿ ಮೂರು ಸಂಸಾರ ವಾಸ, ಅಲ್ಲಿ ರಾತ್ರಿ ಮಲಗುವವರು ಒಬ್ಬರೂ ಇಲ್ಲ. ಬೆಳಗಾದರೆ ರೂಟ್ ಒನ್ ಹೆದ್ದಾರಿಯ ಕಡೆಯಿಂದ ಬಡ ಮಕ್ಕಳನ್ನು ತುಂಬಿಕೊಂಡು ದೊಡ್ಡ ದೊಡ್ಡ ಎಸ್‌ಯುವಿಗಳು ಬರುತ್ತಿದ್ದವು. ಎಲ್ಲರೂ ಎರಡು ಬೀದಿ ಆಚೆ ನಿಲ್ಲಿಸುತ್ತಿದ್ದರಿಂದ ಆ ಬೀದಿಯಲ್ಲಿ ಟ್ರಾಫಿಕ್ ಜಾಮ್.

ಬಂದವರು ಸುಮ್ಮನೆ ಕೂತರೇ? ಇಲ್ಲಿ ಗಣಿತ ಒಲಿಂಪಿಯಾಡ್ ಇಲ್ಲವೇ ಎಂದು ಕೇಳಿದರು. ಹೋಮ್‌ವರ್ಕ್ ಕಡಿಮೆಯಾಯಿತು ಎಂದು ಪ್ರಿನ್ಸಿಪಾಲರಿಗೆ ಬರೆದರು. ಹಿಂದುಳಿದ ಶಾಲೆಯನ್ನು ಹುಡುಕಿಕೊಂಡು ಬಂದವರೇ, ಈ ಶಾಲೆ ಯಾಕೆ ಇಷ್ಟು ಹಿಂದುಳಿದಿದೆ ಎಂದು ಜಗಳ ತೆಗೆದರು.

ಮಾರ್ಚಿನಲ್ಲಿ ಒಂದು ಸಂಜೆ ಜಕಿಯಾ ಲಾಂಡ್ರಿಯ ಮೆಟ್ಟಿಲು ಹತ್ತಿ ಬಂದಳು. ಕಾಫಿ ಬೇಡವೆಂದಳು.

"ಪಂಚಾಕ್ಷರಿಯವರೇ, ನೀವು ಮಾಡಿದ್ದು ಏನು ಗೊತ್ತಾ? ನಮ್ಮ ಪ್ರಾಜೆಕ್ಟ್ ರೂಲ್ ಸಿಂಪಲ್. ಸ್ಕೂಲಿನ ಮೂರನೇ ಕ್ಲಾಸು ಓದಿನ ಸರಾಸರಿಯಲ್ಲಿ ಹಿಂದಿರಬೇಕು. ಮೇ ತಿಂಗಳಲ್ಲಿ ಟೆಸ್ಟ್ ಇದೆ. ಈಗ ಮೂರನೇ ಕ್ಲಾಸಲ್ಲಿ ಅರ್ಧಕ್ಕರ್ಧ ನಿಮ್ಮ ಸಂಘದ ಮಕ್ಕಳೇ ಇದ್ದಾರೆ."

"ಅಂದ್ರೆ?"

"ಅಂದ್ರೆ ಸ್ಕೂಲು ಉದ್ಧಾರ ಆಗ್ಬಿಡುತ್ತೆ. ಸರಾಸರಿ ಮೇಲೆ ಹೋಗುತ್ತೆ, ಓದಿನ ಕೋಣೆ ಮುಚ್ಚುತ್ತೆ, ಮಿಸ್ ಕೀನ್ ಬೇರೆ ಊರಿಗೆ ಹೋಗ್ತಾರೆ. ಮಾರಿಸೋಲ್‌ಗೆ ಇನ್ನೂ ಎರಡು ವರ್ಷ ಬೇಕು. ನಿಮ್ಮ ಸಿಯಾಗೂ ಬೇಕು. ನಿಮ್ಮ ಮಗಳು ಈಗ ತಾನೇ ನಡೆಯೋಕೆ ಕಲ್ತಿದ್ದಾಳೆ, ಓಡೋಕಲ್ಲ."

ಗಾರ್ಗಿ ಕೇಳಿದಳು: "ರೂಲ್ ಬದಲಾಯಿಸೋಕೆ ಆಗಲ್ವಾ ಜಕಿಯಾ?"

"ಹಣ ಕೊಡೋರು ಮಗೂನ ನೋಡಲ್ಲ ಗಾರ್ಗಿ, ಸ್ಕೂಲನ್ನ ನೋಡ್ತಾರೆ. ಅದನ್ನೇ ನಾನು ಆವತ್ತು ಭಾಷಣದಲ್ಲಿ ಹೇಳಿದ್ದು."

ಭಾಷಣದ ಆ ಭಾಗ ಪಂಚಾಕ್ಷರಿಗೆ ನೆನಪಿರಲಿಲ್ಲ. ಆದರೆ ಸೀರಿಯಲ್ ಡಬ್ಬಿ ಕಣ್ಣಮುಂದೆ ಬಂತು. ಮಿಸ್ ಕೀನ್ ಹೋದರೆ ಮಗಳು ಮತ್ತೆ ಹೊಟ್ಟೆ ಹಿಡಿದುಕೊಂಡು ಕೂರುತ್ತಾಳೆ ಎಂದು ಅವನಿಗೆ ಖಂಡಿತವಾಗಿ ಗೊತ್ತಿತ್ತು, ಮತ್ತು ಭಯವಾಯಿತು. ಭಯವಾದಾಗ ಮನುಷ್ಯ ತನಗೆ ಗೊತ್ತಿರುವ ವಿದ್ಯೆಯನ್ನೇ ತೆಗೆಯುತ್ತಾನೆ. ಮರುದಿನವೇ ಸಂಘದ ಜನರನ್ನು ಮನೆಗೆ ಕರೆದ.

ಎರಡು ಕೋಣೆಯಲ್ಲಿ ಅಷ್ಟು ಜನ ಹೇಗೆ ಹಿಡಿದರೋ ದೇವರೇ ಬಲ್ಲ. ಕೆಳಗೆ ಮಷೀನುಗಳು ಗುಡುಗುಡು ಎನ್ನುತ್ತಿದ್ದವು. ಪಂಚಾಕ್ಷರಿ ಯೋಜನೆ ವಿವರಿಸಿದ: ಟೆಸ್ಟಿನ ದಿನ ನಮ್ಮ ಮಕ್ಕಳೆಲ್ಲ ಬೇಕೆಂದೇ ತಪ್ಪು ಗುರುತು ಹಾಕಬೇಕು. ಸರಾಸರಿ ಬೀಳುತ್ತದೆ, ಶಾಲೆ ಹಿಂದುಳಿಯುತ್ತದೆ, ಟೀಚರು ಉಳಿಯುತ್ತಾರೆ.



"ಮಕ್ಳಿಗೆ ಫೇಲಾಗ್ರಪ್ಪಾ ಅಂತ ನಾವೇ ಯೋಳದಾ?" ಎಂದರು ಬೋರಲಿಂಗಯ್ಯ.

"ಫೇಲಲ್ಲ ಸಾರ್, ಸ್ಟ್ರಾಟಜಿ. ಈ ಟೆಸ್ಟ್ ಮಾರ್ಕ್ಸ್ ಎಲ್ಲೂ ಲೆಕ್ಕಕ್ಕಿಲ್ಲ. ಎಲ್ಲರೂ ಪಲ್ಲಕ್ಕಿಲಿ ಕೂತ್ರೆ ಹೊರೋರು ಯಾರು ಹೇಳಿ?"

"ಲೆಕ್ಕಕ್ಕಿಲ್ಲ ಅಂದ್ರೆ ಬಾತ್ ಅಲಗ್ ಹೈ, ಅದು ಬೇರೆ ಮಾತು," ಎಂದರು ಅಯೂಬ್. "ಮಾಡೋಣ. ಎಲ್ಲಾರೂ ಮಾಡಿದ್ರೆ ನಾವೂ ಮಾಡೋಣ."

ಒಬ್ಬರು ಮನೆದೇವರ ಆಣೆ ಇಟ್ಟರು. ಇನ್ನೊಬ್ಬರು ಮಕ್ಕಳ ಆಣೆ ಇಡಲು ಹೋಗಿ, ಹೆಂಡತಿ ಗುರಾಯಿಸಿದ್ದಕ್ಕೆ ಕೈ ಹಿಂದೆ ತೆಗೆದುಕೊಂಡರು. ಕೊನೆಗೆ ಎಲ್ಲರೂ ಒಪ್ಪಿದರು, ಕಾಫಿ ಕುಡಿದರು, ಬಡತನಕ್ಕೆ ಜಯವಾಗಲಿ ಎಂಬಷ್ಟು ಉತ್ಸಾಹದಿಂದ ಕೈ ಕುಲುಕಿ ಹೊರಟರು.

ಗಾರ್ಗಿ ಲೋಟ ತೊಳೆಯುತ್ತ ಹೇಳಿದಳು: "ಇವರಲ್ಲಿ ಒಬ್ಬರಾದ್ರೂ ಮಾಡ್ತಾರೆ ಅಂದ್ಕೊಂಡಿದ್ದೀರಾ? ಆ ಬೋರಲಿಂಗಯ್ಯ ಅಂಕಲ್ ಇಲ್ಲೇ ಸೋಫಾ ಮೇಲೆ ಕೂತು ಫೋನಲ್ಲಿ ಪ್ರಾಕ್ಟೀಸ್ ಟೆಸ್ಟ್ ಹುಡುಕ್ತಿದ್ರು."

"ಆಣೆ ಇಟ್ಟಿದ್ದಾರೆ ಕಣೆ."

"ನೀವು ಹತ್ತು ವರ್ಷ ಹಾಜರಿ ಇದ್ರಲ್ಲ, ಹಾಗೇ."

ಅವನು ಆ ಮಾತನ್ನು ಕೇಳಿಸಿಕೊಳ್ಳದವನಂತೆ ಫೋನು ತೆಗೆದ.

ಟೆಸ್ಟಿನ ದಿನ ಬೆಳಿಗ್ಗೆ ಕಾರಿನಲ್ಲಿ ಸಿಯಾ ತುಂಬ ಖುಷಿಯಲ್ಲಿದ್ದಳು. ದಾರಿಯ ಬೋರ್ಡುಗಳನ್ನೆಲ್ಲ ಓದುತ್ತ ಬಂದಳು, ಟೈರ್ ಅಂಗಡಿ, ಚರ್ಚು, ಹಲ್ಲಿನ ಡಾಕ್ಟರು. ಪಂಚಾಕ್ಷರಿ ಕಾರು ನಿಲ್ಲಿಸಿ ವಿಷಯ ಹೇಳಿದ.

"ಬಟ್ ಐ ನೋ ಹೌ ಟು ರೀಡ್ ನೌ, ಅಪ್ಪ," ಎಂದಳು.

"ಗೊತ್ತು ಪುಟ್ಟ. ಆದ್ರೂ ತಪ್ಪು ಉತ್ತರಾನೇ ಹಾಕ್ಬೇಕು. ಮಿಸ್ ಕೀನ್ ಇಲ್ಲೇ ಇರ್ಬೇಕು ಅಲ್ವಾ? ಎಲ್ಲಾ ಮಕ್ಕಳೂ ಹಾಗೇ ಮಾಡ್ತಾರೆ."

"ಆಲ್ ಆಫ್ ದೆಮ್ ರಾಂಗ್?"

"ಎಲ್ಲಾನೂ."

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ "ಓಕೆ, ಫಾರ್ ಮಿಸ್ ಕೀನ್," ಎಂದು ಬ್ಯಾಗು ಹಾಕಿಕೊಂಡು ಇಳಿದಳು.

ರಾಜ ಊರಿನವರನ್ನೆಲ್ಲ ಕರೆದು, ಕತ್ತಲಲ್ಲಿ ಕೊಳಕ್ಕೆ ಒಂದೊಂದು ಚೊಂಬು ಹಾಲು ಸುರಿಯಿರಿ ಎಂದನಂತೆ. ತಾನೊಬ್ಬ ನೀರು ಸುರಿದರೆ ಯಾರಿಗೆ ತಿಳಿಯುತ್ತದೆ ಎಂದು ಎಲ್ಲರೂ ನೀರನ್ನೇ ಸುರಿದರಂತೆ. ಆ ಕಥೆ ಎಲ್ಲ ಅಜ್ಜಿಯರಿಗೂ ಗೊತ್ತು. ನಮ್ಮ ಕನ್ನಡ ಸಂಘದವರು ಅದನ್ನೂ ತಿರುಗಿಸಿದರು. ಇವರಿಗೆ ನೀರು ಸುರಿಯಿರಿ ಎಂದಿತ್ತು. ತನ್ನದೊಂದು ಚೊಂಬು ಹಾಲಾದರೆ ಯಾರಿಗೆ ತಿಳಿಯುತ್ತದೆ ಎಂದು ಪ್ರತಿಯೊಬ್ಬರೂ ಕೆನೆ ಸಮೇತ ಹಾಲು ಸುರಿದರು. ಜೂನಿನಲ್ಲಿ ಫಲಿತಾಂಶ ಬಂತು. ಹಾರ್ಲನ್ ಬ್ರಿಡ್ಜ್ ಶಾಲೆ ಸುತ್ತಲಿನ ಊರುಗಳನ್ನೆಲ್ಲ ಹಿಂದೆ ಹಾಕಿತ್ತು.

ಪಂಚಾಕ್ಷರಿ ಒಬ್ಬೊಬ್ಬರಿಗೂ ಫೋನು ಮಾಡಿದ. ಅಯೂಬ್ ಮೊದಲು ನಕ್ಕು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಜೈನಬ್‌ಗೆ ಹೇಳ್ಬೇಕು ಅಂತಾನೇ ಹೊರಟೆ ಭಾಯ್. ಬಾಯಿ ಬರ್ಲಿಲ್ಲ. ನಮ್ಮ ಅಬ್ಬಾ ನನಗೆ ಹೇಳದೇ ಇದ್ದ ಮಾತನ್ನ ನಾನು ಹೇಗೆ ಹೇಳ್ಲಿ?" ಬೋರಲಿಂಗಯ್ಯನವರದು ಬೇರೆ ರಾಗ: "ನಾನ್ ಯೋಳ್ದೆ ಕಣಯ್ಯ. ನಮ್ ಕುಶಾಲಂಗೆ ತಪ್ ಬರಿಯಾಕೇ ಬರಾಕಿಲ್ಲ, ಏನ್ ಮಾಡದು?"

ಶಾಲೆಯ ಕೆಫೆಟೇರಿಯಾದಲ್ಲಿ ಸಮಾರಂಭವಾಯಿತು. ಇನ್ನು ಮುಂದೆ ಈ ಶಾಲೆಗೆ ವಿಶೇಷ ನೆರವಿನ ಅಗತ್ಯವಿಲ್ಲ ಎಂದು ಪ್ರಿನ್ಸಿಪಾಲರು ಹೆಮ್ಮೆಯಿಂದ ಸಾರಿದರು. ಸಂಘದವರು ಚಪ್ಪಾಳೆ ಹೊಡೆದರು. ಹೊಡೆದವರಲ್ಲಿ ಮುಕ್ಕಾಲು ಜನ ಆಗಲೇ ಕೆಂಡಲ್ ಪಾರ್ಕ್‌ಗೂ ಸಮರ್‌ಸೆಟ್‌ಗೂ ಮಕ್ಕಳನ್ನು ವಾಪಸು ಸೇರಿಸಲು ಓಡಾಡುತ್ತಿದ್ದರು. ಮುಂದುವರಿದ ಶಾಲೆಯಲ್ಲಿ ಓದಿಸುವುದಾದರೆ ಲಾಂಡ್ರಿ ಊರೇ ಏಕೆ ಬೇಕು? ಆಮೇಲೆ ನಮ್ಮ ಪದ್ಧತಿಯಂತೆ ಸನ್ಮಾನ. ಮಿಸ್ ಕೀನ್‌ಳನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಬೋರಲಿಂಗಯ್ಯ ತಮ್ಮ ಕೈಯಾರೆ ಮೈಸೂರು ಪೇಟ ತೊಡಿಸಿದರು. ಊರು ಬಿಡಿಸಿದವರೇ ಪೇಟವನ್ನೂ ತೊಡಿಸಿದ್ದು ಅವಳಿಗೆ ಅರ್ಥವಾಯಿತೋ ಇಲ್ಲವೋ. ಪೇಟ ಕಣ್ಣಿನವರೆಗೆ ಜಾರಿತ್ತು. ಅವಳು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಎದುರಿನ ಸಾಲಿನಲ್ಲಿ ಕೂತ ತನ್ನ ಆರು ಮಕ್ಕಳನ್ನು ನೋಡುತ್ತಿದ್ದಳು.

ಕೇಕು ಹಂಚುವಾಗ ಬೋರಲಿಂಗಯ್ಯ ಪಂಚಾಕ್ಷರಿಯ ಹೆಗಲ ಮೇಲೆ ಕೈಯಿಟ್ಟರು. "ಕುಶಾಲ್ ಯೋಳ್ದ. ನಿನ್ ಮಗಳದು ಒಂದೂ ಸರಿ ಬಂದಿಲ್ವಂತೆ. ಬೇಜಾರ್ ಮಾಡ್ಕಬೇಡ, ಎಲ್ಲಾ ಮಕ್ಳೂ ಒಂದೇ ತರ ಇರಾಕಿಲ್ಲ. ಶನಿವಾರ ಶನಿವಾರ ಕಳ್ಸು, ನಮ್ಮುಡುಗ ಯೋಳ್ಕೊಡ್ತಾನೆ."

ಸುತ್ತ ನಿಂತವರು ಅಯ್ಯೋ ಪಾಪ ಎಂಬ ಮುಖ ಮಾಡಿದರು. ಪಂಚಾಕ್ಷರಿಗೆ ಕಪಾಳ ಬಿಸಿಯಾಯಿತು. ಬೇಕೆಂದೇ ತಪ್ಪು ಬರೆದಳು, ನಾನೇ ಹೇಳಿದ್ದೆ, ನೀವೂ ಆಣೆ ಇಟ್ಟಿದ್ದಿರಿ ಎಂದು ಹೇಳಬೇಕಿತ್ತು. ಹೇಳಿದರೆ ಉಳಿದವರಿಗೆ ಮಾತು ಕೊಟ್ಟು ತಪ್ಪಿದ ಹೆಸರು, ಅವನಿಗೆ ಮಗಳನ್ನು ಬೀಳಿಸಿದ ಹೆಸರು. "ಥ್ಯಾಂಕ್ಸ್ ಸಾರ್," ಎಂದ.

ಅಷ್ಟರಲ್ಲಿ ಜಕಿಯಾ ಅವನನ್ನು ಓದಿನ ಕೋಣೆಗೆ ಕರೆದಳು. ಗಾರ್ಗಿ ಆಗಲೇ ಅಲ್ಲಿದ್ದಳು. ಮಿಸ್ ಕೀನ್ ಶಾಲು ಪೇಟ ತೆಗೆದು ಗೋಡಂಬಿ ಮೇಜಿನ ಮೇಲೆ ಇಟ್ಟಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಸಿಯಾಗೆ ಸೊನ್ನೆ ಬಂದಿದೆ, ಗೊತ್ತಲ್ಲ?" ಎಂದಳು ಜಕಿಯಾ.

"ಗೊತ್ತಾಯ್ತು. ಓದೋಕೆ ಬರಲ್ಲ ಅಂತ ಎಲ್ಲರೂ ಮಾತಾಡ್ತಿದ್ದಾರೆ."

"ಓದೋಕೆ ಬರದೇ ಇದ್ರೆ ಸೊನ್ನೆ ಬರೋಲ್ಲ ಪಂಚಾಕ್ಷರಿಯವರೇ. ನಾಲ್ಕು ಉತ್ತರದಲ್ಲಿ ಒಂದನ್ನ ಆರಿಸಬೇಕು. ಕಣ್ಣು ಮುಚ್ಚಿ ಗುರುತು ಹಾಕಿದ್ರೂ ನಾಲ್ಕಕ್ಕೊಂದು ತಾನಾಗೇ ಸರಿ ಬರುತ್ತೆ. ಇವಳದು ಒಂದೂ ಸರಿ ಬಂದಿಲ್ಲ. ಅಂದ್ರೆ ಪ್ರತಿಯೊಂದು ಪ್ರಶ್ನೇನೂ ಓದಿದ್ದಾಳೆ, ಸರಿ ಉತ್ತರ ಯಾವುದು ಅಂತ ಕಂಡ್ಕೊಂಡಿದ್ದಾಳೆ, ಆಮೇಲೆ ಅದನ್ನ ಬಿಟ್ಟು ಬೇರೇದಕ್ಕೆ ಗುರುತು ಹಾಕಿದ್ದಾಳೆ. ಮಿಸ್ ಕೀನ್ ಇಷ್ಟು ವರ್ಷದಲ್ಲಿ ಇಂಥ ಸೊನ್ನೆ ನೋಡಿಲ್ವಂತೆ. ಇಡೀ ಕ್ಲಾಸಲ್ಲಿ ಇವಳಷ್ಟು ಗಮನ ಇಟ್ಟು ಓದಿದವರು ಇನ್ನೊಬ್ಬರಿಲ್ಲ ಅಂತಾರೆ."

ಗಾರ್ಗಿ ಗಂಡನ ಕಡೆ ನೋಡಲಿಲ್ಲ. ಪಂಚಾಕ್ಷರಿ ಮಕ್ಕಳ ಪುಟ್ಟ ಕುರ್ಚಿಯೊಂದರ ಮೇಲೆ ಕೂತುಬಿಟ್ಟ. ಕೊಟ್ಟ ಮಾತನ್ನು ಉಳಿಸಿಕೊಂಡದ್ದು ಅಷ್ಟೂ ಜನರಲ್ಲಿ ಅವಳೊಬ್ಬಳೇ, ಅದೂ ಅವಳು ಆಣೆ ಇಟ್ಟಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಜೀವನದಲ್ಲಿ ಮೊದಲ ಸಲ ಆದದ್ದರಿಂದ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಮೇಜಿನ ಮೇಲಿದ್ದ ಪೇಟವನ್ನು ಸುಮ್ಮನೆ ತಿರುಗಿಸುತ್ತ ಕೂತ.

ಬಾಗಿಲಲ್ಲಿ ಸಿಯಾ ಬಂದು ನಿಂತಳು. ಜೊತೆಗೆ ಮಾರಿಸೋಲ್, ಕೈಯಲ್ಲಿ ಎರಡು ತಟ್ಟೆ ಕೇಕು. ಸಿಯಾ ನೇರ ಅಪ್ಪನ ಹತ್ತಿರ ಬಂದಳು.

"ಅಪ್ಪ, ಐ ಗಾಟ್ ದೆಮ್ ಆಲ್ ರಾಂಗ್. ಐ ಚೆಕ್ಡ್ ಟ್ವೈಸ್. ದೆನ್ ವೈ ಈಸ್ ಶೀ ಲೀವಿಂಗ್?"

ಪಂಚಾಕ್ಷರಿ ಬಾಯಿ ತೆರೆದ. ಪ್ರಾಜೆಕ್ಟಿನ ನಿಯಮ ಎಂದು ಹೇಳಬಹುದಿತ್ತು, ಸರಾಸರಿ ಎಂದು ಹೇಳಬಹುದಿತ್ತು, ಬೋರಲಿಂಗಯ್ಯನವರ ಹೆಸರು ಹೇಳಬಹುದಿತ್ತು. ಮಗಳು ಅವಸರ ಮಾಡಲಿಲ್ಲ. ಆ ಕೋಣೆಯಲ್ಲಿ ಕಲಿತ ಹಾಗೆ, ಅವನ ಮುಖ ನೋಡುತ್ತ ಕಾದಳು.

ಅವನು ಪೇಟವನ್ನು ಇನ್ನೊಂದು ಸುತ್ತು ತಿರುಗಿಸಿದ. ಕೊನೆಗೆ ಮಾರಿಸೋಲ್ ಕೇಕಿನ ತಟ್ಟೆಯೊಂದನ್ನು ಗೆಳತಿಗೆ ಕೊಡುತ್ತ ಹೇಳಿದಳು:

"ಬಿಕಾಸ್ ಯೂ ಗೈಸ್ ಕೇಮ್."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಯಾರೋ ಪ್ರಶ್ನೆ ಕೇಳಿದ್ದರು, ಅವಳಿಗೆ ಉತ್ತರ ಗೊತ್ತಿತ್ತು.